ಬೀಳುವವನ ಕೈ ನೋಡಿ

ಸಂಪಾದಕರೇ,

ಮೊನ್ನೆ ನಿಮ್ಮ ಪತ್ರಿಕೆಯಲ್ಲಿ ಆತ್ಮರಕ್ಷಣೆ ಶಿಬಿರದ ಒಂದು ಫೋಟೋ ಬಂದಿತ್ತು. ಒಬ್ಬ ಹುಡುಗಿ ತನಗಿಂತ ಒಂದಡಿ ಎತ್ತರದ ಗಂಡಸಿನ ಮಣಿಕಟ್ಟು ತಿರುಚಿ ಎತ್ತಿ ಒಗೆಯುತ್ತಿದ್ದಾಳೆ. ಫೋಟೋ ಚೆನ್ನಾಗಿದೆ, ಆ ಮಾತು ಬೇರೆ. ಆದರೆ ನನ್ನ ಕಣ್ಣು ಹೋಗಿದ್ದು ಬೀಳುತ್ತಿರುವವನ ಇನ್ನೊಂದು ಕೈ ಕಡೆ. ಅವನಿನ್ನೂ ಗಾಳಿಯಲ್ಲಿದ್ದಾನೆ, ಅಂಗೈ ಮಾತ್ರ ಆಗಲೇ ಅಗಲವಾಗಿ ಬಿಚ್ಚಿಕೊಂಡು ಮ್ಯಾಟ್ ಬಡಿಯೋಕೆ ತಯಾರಾಗಿದೆ. ನೋಟ ತಾನು ಬೀಳಬೇಕಾದ ಜಾಗದ ಮೇಲಿದೆ. ಅವಳು ಒಗೆದಳು ಅನ್ನೋದಕ್ಕಿಂತ ಅವನೇ ಹಾರಿದ ಅನ್ನೋದು ಸರಿ.

ನನಗೆ ಹೇಗೆ ಗೊತ್ತು ಅಂತೀರಾ? ಆರು ವರ್ಷ ಆ ಮನುಷ್ಯ ನಾನೇ ಆಗಿದ್ದೆ.

ನಾನು ಕಲಿಯುತ್ತಿದ್ದ ಕಡೆ ಜೋಡಿ ಕಟ್ಟುವಾಗ ಎಲ್ಲರಿಗೂ ನಾನೇ ಬೇಕಿತ್ತು. ಯಾಕಂದರೆ ನಾನು ಬೀಳೋದು ಬಹಳ ಚೆಂದ. ಎದುರಿನವರು ಮಣಿಕಟ್ಟು ಮುಟ್ಟಿದರೆ ಸಾಕು, ಯಾವ ಪಟ್ಟು ಬರುತ್ತಿದೆ ಅಂತ ಗೊತ್ತಾಗಿ ದೇಹ ತಾನಾಗಿಯೇ ತಿರುಗಿಬಿಡುತ್ತಿತ್ತು. ಅವರಿಗೆ ಖುಷಿ, ಮಾಸ್ಟರಿಗೆ ಖುಷಿ, ನೋಡುವವರಿಂದ ಚಪ್ಪಾಳೆ. ಪ್ರತಿಯಾಗಿ ನಾನು ಪಟ್ಟು ಹಾಕುವಾಗ ಅವರೂ ಅಷ್ಟೇ ಚೆನ್ನಾಗಿ ಬೀಳುತ್ತಿದ್ದರು. ಮದುವೆ ಮನೆಯ ಮುಯ್ಯಿ ಇದ್ದ ಹಾಗೆ, ಕೊಟ್ಟಷ್ಟು ವಾಪಸ್ ಬರುತ್ತಿತ್ತು.

ಒಂದು ಸಂಜೆ ಹೊಸಬರೊಬ್ಬರು ಬಂದರು. ದಪ್ಪನೆಯ ಆಳು, ಯಾವ ವಿದ್ಯೆಯೂ ಗೊತ್ತಿಲ್ಲ. ಹಿರಿಯ ವಿದ್ಯಾರ್ಥಿ ಅಂತ ಮಾಸ್ಟರ್ ನನ್ನನ್ನು ಕರೆದು ತೋರಿಸೋಕೆ ಹೇಳಿದರು. "ನನ್ನ ಕೈ ಹಿಡೀರಿ" ಅಂದೆ. ಹಿಡಿದರು. ತಿರುಗಿದೆ, ಹೆಜ್ಜೆ ಹಾಕಿದೆ, ಮಣಿಕಟ್ಟು ತಿರುಚಿದೆ. ಅವರು ಸುಮ್ನೆ ನಿಂತಿದ್ದರು. ವಿರೋಧವನ್ನೂ ಮಾಡಲಿಲ್ಲ, ಪಾಪ. ನನ್ನ ಮುಖ ನೋಡಿ, "ಸರ್, ಈಗ ನಾನು ಏನು ಮಾಡಬೇಕು?" ಅಂತ ಕೇಳಿದರು. ಇನ್ನೊಮ್ಮೆ ಪ್ರಯತ್ನಿಸಿದೆ. ಈ ಸಲ ನೋವಾಯಿತೋ ಏನೋ, ಕೈ ತಮ್ಮ ಕಡೆ ಎಳೆದುಕೊಂಡರು. ಹಗ್ಗ ಎಳೆದಾಗ ಕರು ಬರುತ್ತದಲ್ಲ, ಹಾಗೆ ಅದರ ಹಿಂದೆಯೇ ನಾನೂ ಹೋದೆ. ಆಗ ಮಾಸ್ಟರ್ ಬಂದು ಹೇಳಿದ್ದು ನನಗಲ್ಲ, ಅವರಿಗೆ: "ನೀವು ಹಿಡಿದಿರೋದೇ ತಪ್ಪು, ಹಾಗೆ ಯಾರೂ ಹಿಡಿಯೋದಿಲ್ಲ."

ಮೂರು ವಾರದಲ್ಲಿ ಅವರಿಗೂ ಬೀಳೋದು ಬಂತು. ನನ್ನ ಪಟ್ಟೂ ಮತ್ತೆ ಕೆಲಸ ಮಾಡತೊಡಗಿತು!

ಇದನ್ನು ನಾಟಕ, ಮೋಸ ಅಂತ ಒಂದೇ ಮಾತಲ್ಲಿ ತಳ್ಳಿಹಾಕೋಕೆ ನಾನು ಬರೆಯುತ್ತಿಲ್ಲ. ಹೊಸದಾಗಿ ಕಲಿಯುವಾಗ ಎದುರಿನವರು ಬಿಟ್ಟುಕೊಡಲೇಬೇಕು. ಕಾಲು ಎಲ್ಲಿ ಇಡಬೇಕು ಅಂತಲೇ ಗೊತ್ತಿಲ್ಲದವನ ಮುಂದೆ ಬಂಡೆ ಥರ ನಿಂತರೆ ಅವನು ಏನೂ ಕಲಿಯೋದಿಲ್ಲ. ತೊಂದರೆ ಇರೋದು ಆ ಬಿಟ್ಟುಕೊಡೋದು ಯಾವತ್ತೂ ನಿಲ್ಲದೇ ಇರೋದರಲ್ಲಿ. ಮೊದಲ ವಾರ ಹೇಗೆ ಬೀಳುತ್ತಿದ್ದೆವೋ ಹತ್ತನೇ ವರ್ಷವೂ ಹಾಗೇ ಬೀಳುತ್ತೇವೆ, ಬೆಲ್ಟಿನ ಬಣ್ಣ ಮಾತ್ರ ಬದಲಾಗಿರುತ್ತದೆ.

ಜೂಡೋದವರು ಒಂದು ಎಸೆತವನ್ನು ಮೂರು ಭಾಗ ಮಾಡಿ ಕಲಿಸುತ್ತಾರೆ. ಎದುರಾಳಿಯ ತೂಕ ಅವನ ಕಾಲಿನಿಂದ ಆಚೆ ಜಾರುವಂತೆ ಮಾಡೋದು ಕುಜುಶಿ, ಆ ಗಳಿಗೆಯಲ್ಲಿ ನಾವು ಸರಿಯಾದ ಜಾಗಕ್ಕೆ ಹೊಕ್ಕೋದು ತ್ಸುಕುರಿ, ಎಸೆಯೋದು ಕಾಕೆ. ಕಷ್ಟವೆಲ್ಲ ಮೊದಲನೆಯದರಲ್ಲಿದೆ. ನಿಂತಿರುವ ಮನುಷ್ಯ ತನ್ನ ಸಮತೋಲ ಕಾಯ್ದುಕೊಳ್ಳೋಕೆ ಯಾರ ಅಪ್ಪಣೆಯನ್ನೂ ಕೇಳೋದಿಲ್ಲ, ತಳ್ಳಿದರೆ ಕಾಲು ಹಿಂದಿಡುತ್ತಾನೆ, ಎಳೆದರೆ ಮುಂದಿಡುತ್ತಾನೆ. ಒಳ್ಳೆಯ ಜೋಡಿ ಏನು ಮಾಡುತ್ತಾನೆ? ಆ ಕಾಲು ಇಡೋದಿಲ್ಲ. ತಾನೇ ವಾಲಿ ನಿಲ್ಲುತ್ತಾನೆ. ಅಂದರೆ ಕುಜುಶಿಯನ್ನು ನಿಮ್ಮ ಪರವಾಗಿ ಅವನೇ ಮಾಡಿ ಕೊಡುತ್ತಾನೆ, ನೀವು ಉಳಿದ ಸುಲಭದ ಭಾಗವನ್ನು ಸಾವಿರ ಸಲ ಮಾಡಿ ಎಸೆಯೋದು ಬಂತು ಅಂದುಕೊಳ್ಳುತ್ತೀರಿ.

ಹಳಬರಿಗೆ ಇದು ಗೊತ್ತಿರಲಿಲ್ಲ ಅಂತಲ್ಲ. ಜಪಾನಿನ ಕತ್ತಿ ಶಾಲೆಗಳಲ್ಲಿ 18ನೇ ಶತಮಾನದಲ್ಲೇ ಬಿದಿರಿನ ಕತ್ತಿ, ಕವಚ ಬಂದವು, ನಿಜವಾಗಿ ಹೊಡೆದು ನೋಡಲಿ ಅಂತ. 1882ರಲ್ಲಿ ಕೊಡೊಕಾನ್ ಜೂಡೋ ಶುರು ಮಾಡಿದ ಜಿಗೊರೊ ಕಾನೊ ಕಟಾ ಅನ್ನುವ, ಮೊದಲೇ ಗೊತ್ತುಮಾಡಿದ ಕ್ರಮದ ಅಭ್ಯಾಸವನ್ನೂ ಉಳಿಸಿಕೊಂಡರು, ಆದರೆ ರಾಂದೊರಿಗೆ, ಅಂದರೆ ಯಾರು ಏನು ಮಾಡುತ್ತಾರೆ ಅಂತ ಮೊದಲೇ ನಿಗದಿಯಾಗಿರದ ಅಭ್ಯಾಸಕ್ಕೆ, ದೊಡ್ಡ ಜಾಗ ಕೊಟ್ಟರು. ಅದಕ್ಕಾಗಿ ಹೊಡೆತ, ಒದೆತದಂಥ ಅಪಾಯದ್ದನ್ನೆಲ್ಲ ರಾಂದೊರಿಯಿಂದ ಹೊರಗಿಟ್ಟರು. ಉಳಿದ ಪಟ್ಟುಗಳನ್ನು ಪೂರ್ತಿ ಬಲ ಹಾಕಿ, ಒಪ್ಪದ ಮನುಷ್ಯನ ಮೇಲೆ, ದಿನಾ ಮಾಡಬಹುದಾಯಿತು. "ನಮ್ಮ ವಿದ್ಯೆ ತುಂಬಾ ಅಪಾಯ, ಅದಕ್ಕೇ ಸ್ಪಾರಿಂಗ್, ಅಂದರೆ ಎದುರಾಳಿ ಜೊತೆ ಕಾದಾಟದ ಅಭ್ಯಾಸ, ಮಾಡೋದಿಲ್ಲ" ಅನ್ನುವವರು ಇದನ್ನು ಸ್ವಲ್ಪ ಯೋಚಿಸಬೇಕು. ಕಣ್ಣು ಕೀಳುವ ಪಟ್ಟನ್ನು ಯಾರ ಮೇಲೂ ಮಾಡಿ ನೋಡಿಲ್ಲ ಅಂದಮೇಲೆ ಅದು ನಿಮಗೆ ಬರುತ್ತದೆ ಅಂತ ಗೊತ್ತಾಗೋದಾದರೂ ಹೇಗೆ?

ಜಪಾನಿನಲ್ಲೇ ಯಾನಗಿ ರ್ಯುಕೆನ್ ಅಂತ ಒಬ್ಬರಿದ್ದರು. ಮುಟ್ಟದೆಯೇ ಶಿಷ್ಯರನ್ನು ಬೀಳಿಸುತ್ತಿದ್ದರು, ಕೈ ಬೀಸಿದರೆ ಸಾಲಾಗಿ ಉರುಳುತ್ತಿದ್ದರು. 2006ರಲ್ಲಿ ಒಬ್ಬ ಮಿಶ್ರ ಸಮರಕಲೆ ಪಟುವಿನ ಎದುರು ನಿಂತು ಸ್ವಲ್ಪ ಹೊತ್ತಲ್ಲೇ ಏಟು ತಿಂದು ಸೋತರು. ಆ ವಿಡಿಯೋ ನೋಡಿ ಜನ ಈಗಲೂ ನಗುತ್ತಾರೆ. ನನಗೆ ನಗು ಬರೋದಿಲ್ಲ. ತನ್ನ ಶಕ್ತಿಯನ್ನು ಅವರೇ ನಂಬಿರದಿದ್ದರೆ ಅಲ್ಲಿ ಹೋಗಿ ನಿಲ್ಲುತ್ತಲೇ ಇರಲಿಲ್ಲ ಅಲ್ವಾ? ಆ ನಂಬಿಕೆ ಹುಟ್ಟಿಸಿದ್ದು ಯಾರು? ಬಿದ್ದ ಶಿಷ್ಯರು. ಗೌರವದಿಂದ, ಪ್ರೀತಿಯಿಂದ, ಒಬ್ಬ ಬಿದ್ದನಲ್ಲ ನಾನೂ ಬೀಳದಿದ್ದರೆ ಹೇಗೆ ಅನ್ನುವ ಮುಜುಗರದಿಂದ ಬಿದ್ದಿರಬೇಕು. ಆ ಮುಜುಗರ ನನಗೆ ಚೆನ್ನಾಗಿ ಗೊತ್ತು. "ಉತ್ತರನ ಪೌರುಷ ಒಲೆ ಮುಂದೆ" ಅಂತ ಗಾದೆ ಹೇಳುತ್ತೇವೆ, ಒಲೆ ಮುಂದೆ ಕೂತು ಆ ಪೌರುಷವನ್ನು ಹೊಗಳುತ್ತಿದ್ದವರ ಬಗ್ಗೆ ಯಾರೂ ಏನೂ ಹೇಳೋದಿಲ್ಲ.

ಎಲ್ಲಕ್ಕಿಂತ ನನಗೆ ಭಯ ಹುಟ್ಟಿಸೋದು ಚಾಕು ಬಿಡಿಸಿಕೊಳ್ಳುವ ಪಾಠ. ಜೋಡಿ ಒಂದು ಹೆಜ್ಜೆ ಮುಂದೆ ಬಂದು, ಕೈ ನೆಟ್ಟಗೆ ಚಾಚಿ, ಚಾಕು ಹಿಡಿದು ಹಾಗೇ ನಿಂತುಬಿಡುತ್ತಾನೆ, ತಗೋ ಅಂತ ಕೊಡುವವನ ಥರ. ನಿಜವಾಗಿ ಚುಚ್ಚುವವನು ಕೈಯನ್ನು ಚುಚ್ಚಿದಷ್ಟೇ ಬೇಗ ವಾಪಸ್ ಎಳೆದು ಮತ್ತೆ ಮತ್ತೆ ಚುಚ್ಚುತ್ತಾನೆ, ಇನ್ನೊಂದು ಕೈಯಲ್ಲಿ ನಿಮ್ಮ ಕೊರಳಪಟ್ಟಿ ಹಿಡಿದಿರುತ್ತಾನೆ. ನಾವು ಮೂರು ಜನ ಒಮ್ಮೆ ಹಳೆಯ ಬಿಳಿ ಅಂಗಿ ಹಾಕಿಕೊಂಡು, ಕಣ್ಣಿಗೆ ಕನ್ನಡಕ ಹಾಕಿ, ಚಾಕುವಿನ ಬದಲು ಕೆಂಪು ಸ್ಕೆಚ್ ಪೆನ್ ಹಿಡಿದು ನೋಡಿದೆವು. ಒಂದೇ ಷರತ್ತು, ಪೆನ್ ಹಿಡಿದವನು ಯಾವತ್ತೂ ನಿಲ್ಲಬಾರದು. ಅರ್ಧ ನಿಮಿಷ ಆದಮೇಲೆ ನನ್ನ ಅಂಗಿಯ ಹೊಟ್ಟೆ ಭಾಗ ಪರೀಕ್ಷೆಯಲ್ಲಿ ಫೇಲಾದವನ ಉತ್ತರ ಪತ್ರಿಕೆ ಥರ ಇತ್ತು. ಇಷ್ಟಕ್ಕೂ ಚಾಕು ಬಿಡಿಸುವ ಪಾಠದಲ್ಲಿ ನಾನು ಒಮ್ಮೆಯೂ ತಪ್ಪಿದವನಲ್ಲ. ಆವತ್ತಿನಿಂದ ಯಾರು ಕೇಳಿದರೂ ನಾನು ಹೇಳೋದು ಒಂದೇ, ಓಡೋಕೆ ದಾರಿ ಇದ್ದರೆ ಓಡಿ.

ಹಾಗಂತ ದಿನಾ ಹೊಡೆದಾಡಿ ಅಂತ ನಾನು ಹೇಳುತ್ತಿಲ್ಲ. ತಲೆಗೆ ಬಿದ್ದ ಏಟನ್ನು ಮೈ ಮರೆತರೂ ಮಿದುಳು ಮರೆಯೋದಿಲ್ಲ. ಥಾಯ್ಲೆಂಡಿನ ಮುವಾಯ್ ಥಾಯ್ ಪಟುಗಳು ಸ್ಪಾರಿಂಗ್ ಮಾಡೋದನ್ನು ನೋಡಿ, ಬಹಳ ಸಲ ಮಕ್ಕಳ ಆಟದ ಥರ ಮೆತ್ತಗಿರುತ್ತದೆ, ನಗುತ್ತಾ ಒದೆಯುತ್ತಾರೆ. ಆದರೆ ಮುಂದಿನ ಒದೆ ಯಾವ ಕಡೆಯಿಂದ ಅಂತ ಯಾರೂ ಹೇಳಿಕೊಡೋದಿಲ್ಲ. ಬ್ರೆಜಿಲಿಯನ್ ಜಿಯು ಜಿಟ್ಸು ಅನ್ನುವ ನೆಲದ ಕುಸ್ತಿಯಲ್ಲಿ ಸೋತವನು ಎರಡು ಸಲ ಕೈ ತಟ್ಟಿದರೆ ಬಿಡುತ್ತಾರೆ, ಅದಕ್ಕೇ ಪೂರ್ತಿ ವಿರೋಧ ಇದ್ದರೂ ಮತ್ತೆ ನಾಳೆ ಬರಬಹುದು. ಬೇಕಾಗಿರೋದು ಇಷ್ಟೇ, ಎದುರಿನವನಿಗೂ ಏನೋ ಬೇಕಾಗಿರಬೇಕು.

ಇನ್ನೊಂದು ಥರದವರೂ ಇದ್ದಾರೆ. ಇಂಥದ್ದೇ ಪಟ್ಟು ಬರುತ್ತದೆ ಅಂತ ಮೊದಲೇ ಗೊತ್ತಿದ್ದು, ಆ ಒಂದಕ್ಕೆ ಮಾತ್ರ ಕೈ ಬಿಗಿ ಹಿಡಿದು "ಆಗಲಿಲ್ಲ ನೋಡಿ" ಅಂತ ಬೀಗುವವರು. ಅದು ಬರೀ ಹಠ. ಅಂಥವರಿಂದಲೂ ಏನೂ ಕಲಿಯೋಕೆ ಆಗೋದಿಲ್ಲ.

ಆ ಶಿಬಿರದ ಹುಡುಗಿಯ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಆದರೆ ತನಗೆ ಬರುತ್ತದೆ ಅನ್ನುವ ಧೈರ್ಯದಲ್ಲಿ ಅವಳು ಮನೆಗೆ ಹೋಗಿದ್ದಾಳೆ, ಓಡಬೇಕಾದ ಕಡೆ ಆ ಧೈರ್ಯ ಅವಳನ್ನು ನಿಲ್ಲಿಸಿಬಿಟ್ಟರೆ? ಕಲಿಸಿದವರು ಕೊನೆಯ ಹತ್ತು ನಿಮಿಷ ಆ ಎತ್ತರದ ಮನುಷ್ಯನಿಗೆ "ಈಗ ಬೀಳಬೇಡ, ಬಿಡಲೂ ಬೇಡ" ಅಂದಿದ್ದರೆ ಸಾಕಿತ್ತು. ಫೋಟೋ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ, ನಿಜ.

ಮುಂದಿನ ಸಲ ಇಂಥ ಶಿಬಿರಕ್ಕೆ ನಿಮ್ಮ ವರದಿಗಾರರು ಹೋದಾಗ ಒಂದು ಕೆಲಸ ಮಾಡಲಿ. ಕ್ಯಾಮೆರಾ ಬದಿಗಿಟ್ಟು ಅವರೇ ಹೋಗಿ ಮಾಸ್ಟರ ಮಣಿಕಟ್ಟು ಹಿಡಿಯಲಿ. ಆ ವರದಿಗಾರರಿಗೆ ಬೀಳೋಕೆ ಬರಬಾರದು, ಅಷ್ಟೇ.

ಇತಿ,
ಬೀಳೋದು ಬಿಟ್ಟ ಒಬ್ಬ ಓದುಗ