ನೆಟ್‌ವರ್ಕ್ ಬೂಟ್ ಲ್ಯಾಬ್ ಅರ್ಧಕ್ಕೇ ಬಿಟ್ಟಿರುವ ಬಗ್ಗೆ ದೂರು

ಇಂದ:
ಲ್ಯಾಬ್ ಉಸ್ತುವಾರಿ,
ಉಚಿತ ಓದುಕೋಣೆ ಮತ್ತು ಕಂಪ್ಯೂಟರ್ ಕೇಂದ್ರ, ವಿಜಯಪುರ

ಗೆ:
ವ್ಯವಸ್ಥಾಪಕರು,
ನೆಟ್‌ವರ್ಕ್ ಅಳವಡಿಕೆ ಸಂಸ್ಥೆ

ವಿಷಯ: ಡಿಎಚ್‌ಸಿಪಿ (ಯಂತ್ರಗಳಿಗೆ ನೆಟ್‌ವರ್ಕ್ ವಿಳಾಸ, ಬೂಟ್ ಮಾಹಿತಿ ಹಂಚುವ) ಸರ್ವರ್ ಸರಿಯಾಗಿ ಹೊಂದಿಸದೆ ಕಂಪ್ಯೂಟರುಗಳು ಬೂಟ್ ಆಗದಿರುವುದು

ಮಾನ್ಯರೇ,

ದಾನಿಗಳು ಕೊಟ್ಟ ನಮ್ಮ ಹಳೆಯ ಕಂಪ್ಯೂಟರುಗಳಲ್ಲಿ ಹಾರ್ಡ್ ಡಿಸ್ಕ್ ಇಲ್ಲ. ಆಮೇಲೆ ಕೊಂಡ ಪುಟ್ಟ ಪಿಸಿಗಳಿಗೂ ಹಾಕಿಸಿಲ್ಲ. ಎಲ್ಲವೂ ಒಂದೇ ಸರ್ವರಿನಿಂದ ಲಿನಕ್ಸ್ ಎಳೆದುಕೊಂಡು ಶುರುವಾಗಬೇಕು ಎಂಬ ಕರಾರಿನ ಮೇಲೆಯೇ ನಿಮಗೆ ಕೆಲಸ ಒಪ್ಪಿಸಿದ್ದು. ಹಣ ಪೂರ್ತಿ ಸಂದಾಯವಾಗಿದೆ. ಆದರೆ ಹೊಸ ಪಿಸಿ ಒಂದೂ ಬೂಟ್ ಆಗುವುದಿಲ್ಲ. ಹಳೆಯವು ಬೆಳಿಗ್ಗೆ ಆದರೆ ಮಧ್ಯಾಹ್ನ ಆಗುವುದಿಲ್ಲ.

"ಮಷಿನ್ನಾಗ ಪ್ರಾಬ್ಲಮ್ ಐತ್ರಿ, ಸರ್ವರ್ ಕರೆಕ್ಟ್ ಐತಿ" ಎಂಬುದು ನಿಮ್ಮ ತಂತ್ರಜ್ಞರ ಉತ್ತರ. ಇದನ್ನು ನಾನು ಒಪ್ಪುವುದಿಲ್ಲ. ಅದೇ ಸ್ವಿಚ್ಚಿಗೆ ಲ್ಯಾಪ್‌ಟಾಪ್ ಜೋಡಿಸಿ, ನೆಟ್‌ವರ್ಕ್ ಸಂದೇಶಗಳನ್ನು ದಾಖಲಿಸುವ ಟಿಸಿಪಿಡಂಪ್‌ನಲ್ಲಿ ಡಿಎಚ್‌ಸಿಪಿ ಬಳಸುವ 67 ಮತ್ತು 68ನೇ ಪೋರ್ಟುಗಳ ಮಾತುಕತೆ ಹಿಡಿದಿದ್ದೇನೆ. ಕಡತ ಲಗತ್ತಿಸಿದೆ, ದಯವಿಟ್ಟು ತೆರೆದು ನೋಡಿ.

ಯಂತ್ರ ವಿಳಾಸ ಕೇಳುವ ಒಂದೇ ಡಿಸ್ಕವರ್ ಸಂದೇಶಕ್ಕೆ ಅಲ್ಲಿ ಎರಡು ಆಫರ್ (ಉತ್ತರ) ಬರುತ್ತಿವೆ. ಒಂದು ನೀವು ಹೊಂದಿಸಿದ ಸರ್ವರಿನದು, ಇನ್ನೊಂದು ನೀವೇ ಕೂಡಿಸಿದ ಇಂಟರ್ನೆಟ್ ರೂಟರಿನದು. ರೂಟರಿನ ಡಿಎಚ್‌ಸಿಪಿಯನ್ನು ಯಾರೂ ಆರಿಸಿಲ್ಲ. ಅದರ ಉತ್ತರ ಹಿಡಿದ ಯಂತ್ರಕ್ಕೆ ಐಪಿ ವಿಳಾಸ ಸಿಗುತ್ತದೆ, ಬೂಟ್ ಫೈಲಿನ ಹೆಸರು ಸಿಗುವುದಿಲ್ಲ. ಪರದೆಯ ಮೇಲೆ ಪಿಎಕ್ಸ್‌ಇ-ಇ53 (ಬೂಟ್ ಫೈಲಿನ ಹೆಸರು ಬಂದಿಲ್ಲ) ಎಂಬ ದೋಷ ಸಂದೇಶ ಬಂದು ನಿಂತುಬಿಡುತ್ತದೆ. ಹಳೆಯ ಯಂತ್ರಗಳ ಗೋಳು ಇದೇ.

ಹೊಸವುಗಳದ್ದು ಬೇರೆ. ಅವು ಯುಇಎಫ್‌ಐ ಎಂಬ ಹೊಸ ಬಗೆಯ ಬೂಟ್ ವ್ಯವಸ್ಥೆಯ ಯಂತ್ರಗಳು, ಹಳೆಯ ಬಯೋಸ್ ರೀತಿಯಲ್ಲಿ ಶುರುವಾಗುವ ಲೆಗಸಿ ಆಯ್ಕೆಯೇ ಅವುಗಳಲ್ಲಿಲ್ಲ. ನೀವು ಬೂಟ್ ಫೈಲಿನ ಹೆಸರು ಹೇಳುವ ಡಿಎಚ್‌ಸಿಪಿ ಆಪ್ಷನ್ 67ರಲ್ಲಿ ಎಲ್ಲಕ್ಕೂ ಪಿಎಕ್ಸ್‌ಇಲಿನಕ್ಸ್.0 ಎಂದೇ ಬರೆದಿದ್ದೀರಿ. ಅದು ಬಯೋಸ್‌ಗಾಗಿ ಮಾಡಿದ ಫೈಲು. ತಾನು ಯಾವ ಬಗೆ ಎಂದು ಪ್ರತಿ ಯಂತ್ರವೂ ಆಪ್ಷನ್ 93ರಲ್ಲಿ ಹೇಳಿಕೊಳ್ಳುತ್ತದೆ: ನಮ್ಮ ಹಳೆಯವು 0 ಎನ್ನುತ್ತವೆ, ಹೊಸವು 7 ಎನ್ನುತ್ತವೆ. ಅದನ್ನು ನೋಡಿ ಸರ್ವರ್ ತಕ್ಕ ಫೈಲು ಕೊಡಬೇಕು. ಈ ಪದ್ಧತಿಯನ್ನು ವಿವರಿಸುವ ಇಂಟರ್ನೆಟ್ ತಾಂತ್ರಿಕ ದಾಖಲೆ ಆರ್‌ಎಫ್‌ಸಿ 4578 ಪ್ರಕಟವಾದದ್ದು 2006ರಲ್ಲಿ. ಇದೇ ಕಸುಬಿನವರಿಗೆ ಇದು ಗೊತ್ತಿಲ್ಲ ಎಂದರೆ ನಂಬುವುದು ಕಷ್ಟ.

ರೂಟರಿನ ಡಿಎಚ್‌ಸಿಪಿ ನಿಲ್ಲಿಸಿ, 0 ಮತ್ತು 7ಕ್ಕೆ ಬೇರೆ ಬೇರೆ ಬೂಟ್ ಫೈಲು ಹೊಂದಿಸಿಕೊಡಿ. ರೂಟರನ್ನು ಮುಟ್ಟುವಂತಿಲ್ಲ ಎಂದಾದರೆ ವಿಳಾಸ ಹಂಚುವುದನ್ನು ಅದಕ್ಕೇ ಬಿಟ್ಟು, ಡಿಎನ್‌ಎಸ್‌ಮಾಸ್ಕ್ ಎಂಬ ತಂತ್ರಾಂಶದ ಪ್ರಾಕ್ಸಿ ಡಿಎಚ್‌ಸಿಪಿಯಿಂದ ಬೂಟ್ ಮಾಹಿತಿ ಮಾತ್ರ ಕೊಡಿಸಬಹುದು. ಎರಡರಲ್ಲಿ ಯಾವುದಾದರೂ ನಮಗೆ ಒಪ್ಪಿಗೆ.

ಇದಕ್ಕಿಂತ ನನ್ನನ್ನು ಕೆರಳಿಸಿದ್ದು ಪಾಸ್‌ವರ್ಡ್ ವಿಷಯ. ಸರ್ವರ್ ನಮ್ಮದು, ರೂಟರಿಗೂ ನಾವೇ ಹಣ ಕೊಟ್ಟಿದ್ದೇವೆ, ಆದರೆ ಎರಡರ ಅಡ್ಮಿನ್ ಪಾಸ್‌ವರ್ಡೂ ನಿಮ್ಮಲ್ಲಿದೆ. ಕೇಳಿದರೆ "ಪಾಲಿಸಿ" ಎನ್ನುತ್ತೀರಿ. ನಮ್ಮ ಕರಾರಿನಲ್ಲಿ ಅಂಥ ಮಾತೇ ಇಲ್ಲ. ಪಾಸ್‌ವರ್ಡ್ ಇದ್ದಿದ್ದರೆ ಈ ಪತ್ರವನ್ನೇ ಬರೆಯುತ್ತಿರಲಿಲ್ಲ, ನಾನೇ ಸರಿಪಡಿಸುತ್ತಿದ್ದೆ.

ಇಂಡಿ, ಸಿಂದಗಿ ಕಡೆಯಿಂದ ಬಸ್ ಹಿಡಿದು ಬರುವ ಹುಡುಗ ಹುಡುಗಿಯರು ಆನ್‌ಲೈನ್ ಪರೀಕ್ಷೆಯ ಅಭ್ಯಾಸಕ್ಕೆ ಈ ಲ್ಯಾಬನ್ನೇ ನಂಬಿದ್ದಾರೆ. ಕೆಟ್ಟ ಪರದೆ ನೋಡಿ ಹಿಂತಿರುಗುವವರಿಗೆ ಬಸ್ ಚಾರ್ಜು ಯಾರು ಕೊಡುತ್ತಾರೆ?

ಪತ್ರ ತಲುಪಿದ 7 ದಿನಗಳೊಳಗೆ ದುರಸ್ತಿ ಮುಗಿಸಿ, ಎಲ್ಲ ಯಂತ್ರಗಳನ್ನೂ ನನ್ನೆದುರು ಬೂಟ್ ಮಾಡಿ ತೋರಿಸಿ, ಪಾಸ್‌ವರ್ಡ್ ಹಾಗೂ ಕಾನ್ಫಿಗರೇಷನ್ ಫೈಲುಗಳ ಪ್ರತಿಯನ್ನು ಲಿಖಿತವಾಗಿ ಒಪ್ಪಿಸಬೇಕು. ತಪ್ಪಿದಲ್ಲಿ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸುತ್ತೇವೆ.

ಇಂತಿ,
ಲ್ಯಾಬ್ ಉಸ್ತುವಾರಿ

ಲಗತ್ತು: ಕರಾರಿನ ಪ್ರತಿ, ಹಣ ಸಂದಾಯದ ರಸೀದಿ, ಟಿಸಿಪಿಡಂಪ್ ಕಡತ