ರಸೀದಿ ಇದೆ, ಓಟಿಲ್ಲ

ಮಾನ್ಯ ಸಂಪಾದಕರೇ,

ನನ್ನ ಮಗಳು ಸ್ವೀಡನ್‌ನಲ್ಲಿದ್ದಾಳೆ. ಪಾಸ್‌ಪೋರ್ಟ್ ಇನ್ನೂ ನಮ್ಮದೇ. 2022ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಚುನಾವಣೆ ಇದ್ದಾಗ ವಿಡಿಯೊ ಕಾಲ್‌ನಲ್ಲಿ ಒಂದು ಕಾರ್ಡ್ ತೋರಿಸಿದಳು. ಓಟಿನ ಕಾರ್ಡ್. ಇವಳು ಅರ್ಜಿ ಹಾಕಿರಲಿಲ್ಲ, ಯಾವ ಆಫೀಸಿಗೂ ಅಲೆದಿರಲಿಲ್ಲ. ಅಂಚೆಯಲ್ಲಿ ತಾನಾಗಿ ಮನೆಗೆ ಬಂದಿತ್ತು. "ಅಪ್ಪಾ, ಬಿಳಿ ಚೀಟಿ ಊರಿನ ಸಭೆಗೆ, ನೀಲಿ ಚೀಟಿ ಆಸ್ಪತ್ರೆ ನೋಡಿಕೊಳ್ಳೋ ಜಿಲ್ಲೆಯಂಥ ಸಭೆಗೆ. ಪಾರ್ಲಿಮೆಂಟಿನ ಹಳದಿ ಚೀಟಿ ಮಾತ್ರ ನಮಗಿಲ್ಲ" ಎಂದಳು. ಮೂರು ವರ್ಷ ಅಲ್ಲೇ ವಾಸವಿದ್ದರೆ ಸಾಕಂತೆ. 1976ರಿಂದಲೂ ಅಲ್ಲಿ ವಿದೇಶಿಯರು ಊರಿನ ಚುನಾವಣೆಗೆ ಓಟು ಹಾಕುತ್ತಿದ್ದಾರೆ.

ಖುಷಿಯಾಯಿತು. ಆಮೇಲೆ ಯಾಕೋ ನಮ್ಮ ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪ್, ಅಂದರೆ ನಿರಾಶ್ರಿತರ ಪುನರ್ವಸತಿ ಕ್ಯಾಂಪ್, ನೆನಪಾಯಿತು.

ನಾನು ಗ್ರಾಮ ಪಂಚಾಯಿತಿಯಲ್ಲಿ ಬಿಲ್ ಕಲೆಕ್ಟರ್ ಆಗಿದ್ದವನು. ಪೂರ್ವ ಬಂಗಾಳದಿಂದ ಬಂದು ಕ್ಯಾಂಪ್‌ಗಳಲ್ಲಿ ನೆಲೆಸಿದವರ ಮನೆಗಳಿಗೂ ಕರ ವಸೂಲಿಗೆ ಹೋಗುತ್ತಿದ್ದೆ. ಮೊದಲು ಬಂದವರಿಗೆ ಭೂಮಿ, ಕಾಗದ, ಓಟು ಸಿಕ್ಕಿವೆ. ತಡವಾಗಿ ಬಂದವರಲ್ಲಿ ಕೆಲವರದು ಅತ್ತ ದಡವೂ ಇಲ್ಲ, ಇತ್ತ ದಡವೂ ಇಲ್ಲ. ಅಂಥ ಒಬ್ಬರಿದ್ದರು. ಮಾರ್ಚ್ ಬಂತೆಂದರೆ ಎಲ್ಲರಿಗಿಂತ ಮೊದಲು ನೀರಿನ ಕರ ಕಟ್ಟುವವರು ಅವರೇ. ಹಳೇ ರಸೀದಿಗಳನ್ನೆಲ್ಲ ತಂತಿಗೆ ಚುಚ್ಚಿ ಜಂತಿಗೆ ನೇತುಹಾಕಿದ್ದರು. ಕೆಳಗಿನವು ಹೊಗೆ ಹಿಡಿದು ಕಂದು ಬಣ್ಣಕ್ಕೆ ತಿರುಗಿದ್ದವು. "ಇವೆಲ್ಲ ಒಂದಿನ ಉಪಯೋಗಕ್ಕೆ ಬರ್ತಾವೆ ಅಲ್ವಾ ಸರ್?" ಎಂದು ಕೇಳಿದ್ದರು. ಬರ್ತಾವೆ ಎಂದೆ. ಸುಮ್ನೆ ಹೇಳಿದ್ದು.

ಒಂದು ಬೇಸಿಗೆಯಲ್ಲಿ ಮೋಟರ್ ಸುಟ್ಟು ನಲ್ಲಿ ನಿಂತಿತು. ಟ್ಯಾಂಕರ್ ಮೊದಲು ಹೋಗಿದ್ದು ಓಟು ಜಾಸ್ತಿ ಇರುವ ಓಣಿಗೆ. ಇವರ ಓಣಿಗೆ ಬಂದಾಗ ಟ್ಯಾಂಕಿನ ತಳದ ನೀರು. ಯಾರನ್ನೂ ದೂರುತ್ತಿಲ್ಲ, ಟ್ಯಾಂಕರ್ ಜೊತೆ ಹೋದವನು ನಾನೇ.

ಸಂವಿಧಾನದ 326ನೇ ವಿಧಿ ಓಟಿಗೆ ಪೌರತ್ವ ಬೇಕು ಎನ್ನುವುದು ಲೋಕಸಭೆ, ವಿಧಾನಸಭೆ ಚುನಾವಣೆಗಳ ವಿಷಯದಲ್ಲಿ. ಪಂಚಾಯಿತಿಯ ಮಾತು ಅದರಲ್ಲಿಲ್ಲ. ನಮ್ಮ ರಾಜ್ಯದ 1993ರ ಪಂಚಾಯತ್ ರಾಜ್ ಕಾಯ್ದೆ ವಿಧಾನಸಭೆಯ ಮತದಾರರ ಪಟ್ಟಿಯನ್ನೇ ಪಂಚಾಯಿತಿಗೂ ಎತ್ತಿಕೊಂಡಿದೆ. ಹಾಗಾಗಿ ಅಲ್ಲಿ ಹೆಸರಿಲ್ಲದವರು ಗ್ರಾಮಸಭೆಯ ಲೆಕ್ಕಕ್ಕೂ ಇಲ್ಲ.

ಎಲ್ಲ ದೇಶಗಳೂ ಸ್ವೀಡನ್ ದಾರಿ ಹಿಡಿದಿಲ್ಲ, ಗೊತ್ತು. ಜರ್ಮನಿಯ ಎರಡು ರಾಜ್ಯಗಳು ಇಂಥ ಹಕ್ಕು ಕೊಟ್ಟಾಗ ಅಲ್ಲಿನ ಸಂವಿಧಾನ ನ್ಯಾಯಾಲಯ 1990ರಲ್ಲಿ ರದ್ದು ಮಾಡಿತು. ಜಪಾನಿನ ಸುಪ್ರೀಂ ಕೋರ್ಟ್ 1995ರಲ್ಲಿ, ಇದು ಸಂವಿಧಾನ ಕೊಟ್ಟ ಹಕ್ಕಲ್ಲ, ಆದರೆ ಕಾಯ್ದೆ ಮಾಡಿ ಕೊಟ್ಟರೆ ತಪ್ಪೂ ಅಲ್ಲ ಎಂದಿತು. ಅಲ್ಲಿ ಅಂಥ ಕಾಯ್ದೆ ಇನ್ನೂ ಆಗಿಲ್ಲ. ಪಕ್ಕದ ದಕ್ಷಿಣ ಕೊರಿಯಾ 2006ರಿಂದ ಕೊಡುತ್ತಿದೆ, ಅದೂ ಕಾಯಂ ವಾಸದ ಪರವಾನಗಿ ಸಿಕ್ಕು ಮೂರು ವರ್ಷ ಆದವರಿಗೆ.

"ನಾಳೆ ಗಡಿ ದಾಟಿ ಬಂದವರೆಲ್ಲ ಓಟು ಕೇಳ್ತಾರೆ" ಎಂದು ಕಟ್ಟೆಯ ಮೇಲೆ ಸ್ನೇಹಿತರು ಹೇಳುತ್ತಾರೆ. ನಾನು ಹೇಳುತ್ತಿರುವುದು ನಿನ್ನೆ ಬಂದವರ ಮಾತಲ್ಲ. ದೆಹಲಿಯ ಓಟನ್ನೂ ಕೇಳುತ್ತಿಲ್ಲ. ಚರಂಡಿ, ನಲ್ಲಿ, ಬೀದಿ ದೀಪ, ಅಷ್ಟೇ. 2019ರ ಪೌರತ್ವ ತಿದ್ದುಪಡಿ ಕಾಯ್ದೆಯಲ್ಲಿ ಅರ್ಜಿ ಹಾಕಿದವರಿಗೆ ಪೌರತ್ವ ಸಿಕ್ಕರೆ ಓಟೂ ಸಿಗುತ್ತದೆ, ಸರಿ. ಅಲ್ಲಿಯವರೆಗೆ ನೀರು ಕುಡಿಯಬೇಕಲ್ಲ?

ಓಟಿಗೆ ಕಾಯ್ದೆ ಬದಲಾಗಬೇಕು, ಅದು ಬೆಂಗಳೂರಿನ ಕೆಲಸ. ಅದಕ್ಕೂ ಮುಂಚೆ ಒಂದು ಸಣ್ಣ ಕೆಲಸ ಇಲ್ಲೇ ಆಗಬಹುದು. ಕರದ ರಸೀದಿ ತೋರಿಸಿದವರನ್ನು ಗ್ರಾಮಸಭೆಯಲ್ಲಿ ಕೂರಿಸಿ, ಅವರ ದೂರನ್ನೂ ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳಲಿ.

— ಒಬ್ಬ ನಿವೃತ್ತ ಬಿಲ್ ಕಲೆಕ್ಟರ್,
ಸಿಂಧನೂರು ತಾಲ್ಲೂಕು, ರಾಯಚೂರು ಜಿಲ್ಲೆ