ನಿನ್ನ ತೆರಿಗೆ, ನಮ್ಮ ಮೆಣಸಿನ ಬಳ್ಳಿ

ಪ್ರಿಯ ಗೆಳೆಯಾ,

ಮಾವಿನ ಮಿಡಿ ಸೀಸನ್ನಿನಲ್ಲಿ ನೀನು ಫೋನು ಮಾಡಿ ರೇಗಿದ್ದೆ, ನೆನಪಿದೆಯಾ? "ಆಸ್ಲೋದಲ್ಲಿ ದುಡಿದು ಕಟ್ಟಿದ ತೆರಿಗೆ ಯಾವ್ದೋ ದೇಶದ ಕಾಡುಹುಲ್ಲಿನ ಬೀಜ ಹೆಕ್ಕೋಕೆ ಹೋಗ್ತದಂತೆ ಮಾರಾಯಾ" ಅಂತ. ಆಗ ನನ್ನ ಕೈಯೆಲ್ಲ ಸೊನೆ, ಸರಿಯಾಗಿ ಜವಾಬು ಕೊಡಲಾಗಲಿಲ್ಲ. ಈಗ ಶಿರಸಿಯಲ್ಲಿ ಮಳೆ ಹಿಡಿದಿದೆ, ಕರೆಂಟಿಲ್ಲ, ಕೂತು ಬರೆಯುತ್ತಿದ್ದೇನೆ.

ನಮ್ಮ ಕೆಳಗಿನ ತೋಟದ ಕಾಳುಮೆಣಸು ನಾಲ್ಕು ವರ್ಷದ ಹಿಂದೆ ಸೊರಗು ರೋಗಕ್ಕೆ ಹೋಯಿತಲ್ಲ. ಬೋರ್ಡೋ ದ್ರಾವಣ ಹೊಡೆದಿದ್ದೇ ಬಂತು. ಹಸಿರಾಗಿದ್ದ ಬಳ್ಳಿ ಎಲೆ ಉದುರಿಸಿ, ಗೆಣ್ಣು ಗೆಣ್ಣಾಗಿ ಕಳಚಿ ಬಿತ್ತು. ಅದೇ ಜಾಗದಲ್ಲಿ ಈಗ ಹಿಪ್ಪಲಿ ಕಸಿಯ ಬಳ್ಳಿಗಳಿವೆ. ನೆಲದಿಂದ ಒಂದು ಗೇಣು ಮೇಲೆ ಗಂಟು ಕಾಣುತ್ತದೆ; ಗಂಟಿನ ಮೇಲೆ ಪಣಿಯೂರು ತಳಿಯ ಮೆಣಸು, ಕೆಳಗೆ ದಕ್ಷಿಣ ಅಮೆರಿಕದ ಜೌಗಿನಲ್ಲಿ ಬೆಳೆಯುವ ಕಾಡು ಹಿಪ್ಪಲಿ. ನಮ್ಮ ಕಾಳುಮೆಣಸಿನ ದೂರದ ದಾಯಾದಿ ಅದು. ಬೇರು ಕೊಳೆಸುವ ಆ ರೋಗಾಣು ಅದನ್ನು ಮುಟ್ಟುವುದಿಲ್ಲ. ಬೇಸಿಗೆಯಲ್ಲಿ ನೀರು ತಪ್ಪಿದರೆ ಮಾತ್ರ ಮುಖ ಬಾಡಿಸುತ್ತದೆ, ಕೆಲವು ಕಸಿ ಗಂಟಿನಲ್ಲೇ ಕೈಕೊಟ್ಟವು, ಅದೂ ನಿಜ. ಆದರೂ ಮೆಣಸಿನ ತವರು ನಮ್ಮ ಘಟ್ಟ, ಅದನ್ನು ಕಾಯಲು ಬೇರು ಬಂದದ್ದು ಅಮೆಜಾನ್ ಕಡೆಯಿಂದ!

ಭತ್ತದ್ದೂ ಇಂಥದೇ ಕತೆ. 1970ರ ದಶಕದಲ್ಲಿ ಆಗ್ನೇಯ ಏಷ್ಯಾದ ಗದ್ದೆಗಳನ್ನು ಒಂದು ವೈರಸ್ ರೋಗ ಕುಳ್ಳಾಗಿಸಿ ಹಾಳುಗೆಡವುತ್ತಿತ್ತು. ಫಿಲಿಪ್ಪೀನ್ಸಿನಲ್ಲಿರುವ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಸಾವಿರಾರು ತಳಿ ಜಾಲಾಡಿದರೂ ತಡೆಯುವ ಗುಣ ಸಿಕ್ಕಿದ್ದು ಉತ್ತರ ಪ್ರದೇಶದಿಂದ ಸಂಗ್ರಹಿಸಿದ ಒಂದೇ ಒಂದು ಕಾಡುಭತ್ತದ ಮಾದರಿಯಲ್ಲಿ. ನಿವಾರ ಅಂತಾರೆ ಅದಕ್ಕೆ. 1976ರಲ್ಲಿ ಬಂದ ಐಆರ್36 ತಳಿಯಲ್ಲಿ ಅದರ ರಕ್ತ ಇದೆ. ಯಾರೋ ಕೆಸರಿಗಿಳಿದು ಆ ತೆನೆ ಕಿತ್ತಿಡದಿದ್ದರೆ?

ನೀನು ರೇಗಿದ ಆ ಯೋಜನೆ, ಬೆಳೆಗಳ ಇಂಥ ಕಾಡು ನೆಂಟರ ಬೀಜ ಹೆಕ್ಕಿ ಕಾಪಿಡುವುದು, 2011ರಲ್ಲಿ ಶುರುವಾದದ್ದು. ನಾರ್ವೆ ಸರ್ಕಾರ ಸುಮಾರು 5 ಕೋಟಿ ಡಾಲರ್ ಕೊಟ್ಟಿತು. ಬೆಳೆಗಳ ವೈವಿಧ್ಯ ಕಾಯುವ ಕ್ರಾಪ್ ಟ್ರಸ್ಟ್ ಸಂಸ್ಥೆ ಮತ್ತು ಲಂಡನ್ನಿನ ಕ್ಯೂ ಸಸ್ಯೋದ್ಯಾನದವರು ನಡೆಸಿದರು. 25 ದೇಶಗಳಲ್ಲಿ ಜನ ಅಲೆದು 4,600ಕ್ಕೂ ಹೆಚ್ಚು ಬೀಜದ ಮಾದರಿ ತಂದರು. ಪಟ್ಟಿಯಲ್ಲಿ ರಾಗಿ, ತೊಗರಿಯ ನೆಂಟರೂ ಇದ್ದಾರೆ. ನಿನ್ನೂರಲ್ಲಿ ರಾಗಿ ಬೆಳೆಯುತ್ತಾರಾ? ಇಲ್ಲ. ಆದರೆ ಬೀಜದ ಕಂಪನಿ ಇದಕ್ಕೆ ಗಂಟು ಬಿಚ್ಚುವುದಿಲ್ಲ ಮಾರಾಯಾ. ಲಾಭ ಮೂವತ್ತು ವರ್ಷದ ಮೇಲೆ, ಅದೂ ಯಾರ ಪಾಲಿಗೋ ಗೊತ್ತಿಲ್ಲ. ಅಂಥದ್ದಕ್ಕೆ ಜನರ ದುಡ್ಡೇ ಆಗಬೇಕು.

ನನ್ನ ತಕರಾರು ಬೇರೆ. ಆ ಪಟ್ಟಿಯಲ್ಲಿ ಮೆಣಸೂ ಇಲ್ಲ, ಮಾವೂ ಇಲ್ಲ. ದೇಶಗಳು ಸಸ್ಯ ತಳಿ ಹಂಚಿಕೊಳ್ಳುವ ಅಂತಾರಾಷ್ಟ್ರೀಯ ಒಪ್ಪಂದದ 64 ಬೆಳೆಗಳಲ್ಲೂ ಅವೆರಡು ಇಲ್ಲ. ಇದ್ದರೂ ನಿಮ್ಮ ಸ್ವಾಲ್‌ಬಾರ್ಡ್‌ನ ಮೈನಸ್ 18 ಡಿಗ್ರಿ ಬೀಜಭಂಡಾರದ ಗುಹೆಯಲ್ಲಿ ಮಾವಿನ ಓಟೆ ಇಡಲಾಗದು, ಒಣಗಿಸಿದರೆ ಸಾಯುತ್ತದೆ. ಉಪ್ಪಿನಕಾಯಿ ಮಿಡಿ ಕೊಡುವ ನಮ್ಮ ಅಪ್ಪೆಮಾವಿನ ಮರವನ್ನು ಹೊಳೆದಂಡೆಯಲ್ಲೇ ಕಾಯಬೇಕು. ಅದಕ್ಕೆ ಯಾರು ದುಡ್ಡು ಕೊಡುತ್ತಾರೆ?

ಅಘನಾಶಿನಿ ದಂಡೆಯಲ್ಲಿ ನಾವು ಈಜಿ ಬಂದು ಮೈ ಒಣಗಿಸುತ್ತಿದ್ದ ಆ ಜೀರಿಗೆ ಅಪ್ಪೆ ಇತ್ತಲ್ಲ, ತೊಟ್ಟು ಮುರಿದು ಸೊನೆಯನ್ನು ದೀಪಕ್ಕೆ ಚಿಮ್ಮಿಸಿದರೆ ಭಗ್ಗನೆ ಉರಿಯುತ್ತಿತ್ತಲ್ಲ, ಅದರ ಮೂರು ಕೊಂಬೆಯನ್ನು ಹೋದ ವರ್ಷ ಮಿಡಿ ಕೊಯ್ಯಲು ಬಂದವರು ಕಡಿದೇ ಹಾಕಿದರು. ಹತ್ತಲು ಸೋಮಾರಿತನ. ಆ ಮಳೆಗಾಲದಲ್ಲೇ ಉಳಿದ ಕೊಂಬೆಯ ಕುಡಿ ತಂದು ಆರು ಕಸಿ ಕಟ್ಟಿದೆ. ಎರಡು ಹಿಡಿದಿವೆ, ಈಗ ಮೊಣಕಾಲೆತ್ತರ.

ಒಂದು ನಮ್ಮ ಹಿತ್ತಿಲಿಗೆ. ಇನ್ನೊಂದನ್ನು ನಿಮ್ಮ ಹಳೇ ಮನೆಯ ಬಾವಿ ಪಕ್ಕ ನೆಡಲಾ? ನಿನ್ನ ಅಣ್ಣನನ್ನು ಕೇಳಿ ಬೇಗ ತಿಳಿಸು, ಗುಂಡಿ ತೋಡಿ ಇಟ್ಟಿದ್ದೇನೆ, ನೀರು ತುಂಬುತ್ತಿದೆ.

ನಿನ್ನ,
ಶಿರಸಿಯವ